ಕೀನ್ಯಾಗೆ ಹೋಗುವವರ ಗಮನಕ್ಕೆ: ಹಳದಿ ಕಾರ್ಡನ್ನು ಕೇಳುವವರು ಅಲ್ಲಿಲ್ಲ, ಇಲ್ಲಿದ್ದಾರೆ

ಮಾಸೈ ಮಾರಾದಲ್ಲಿ ಸಿಂಹ ಎಷ್ಟು ಹತ್ತಿರ ಬಂದಿತ್ತು, ನದಿ ದಾಟುವ ವೈಲ್ಡ್‌ಬೀಸ್ಟ್ ಹಿಂಡನ್ನು ನೋಡಲು ಯಾವ ತಿಂಗಳು ಹೋಗಬೇಕು ಎಂಬುದನ್ನೆಲ್ಲ ನನಗಿಂತ ಚೆನ್ನಾಗಿ ಬರೆದವರಿದ್ದಾರೆ. ಆದ್ದರಿಂದ ಅಲ್ಲಿನ ಎಂಟು ದಿನಗಳ ಗೊಡವೆಗೆ ನಾನು ಹೋಗುವುದಿಲ್ಲ. ಪ್ರವಾಸ ಮುಗಿಸಿ ಭಾರತದ ನೆಲಕ್ಕೆ ಕಾಲಿಟ್ಟ ಮೇಲೆ, ಮೈಯಲ್ಲಿ ಯಾವ ಕಾಯಿಲೆಯೂ ಇಲ್ಲದೆ, ಸೊಳ್ಳೆಪರದೆಯ ಒಳಗೆ ಕುಳಿತು ಕಳೆದ ದಿನಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲು ನಿಯಮದ ಮಾತು. ಸೊಳ್ಳೆಯಿಂದ ಹರಡುವ ಹಳದಿ ಜ್ವರ, ಅಂದರೆ ಯೆಲ್ಲೋ ಫೀವರ್, ಭಾರತದಲ್ಲಿ ಇಲ್ಲ. ಹೀಗಾಗಿ ಇಲ್ಲಿಂದ ನೇರವಾಗಿ ಹೋಗುವವರನ್ನು ಕೀನ್ಯಾದವರು ಲಸಿಕೆಯ ಬಗ್ಗೆ ಕೇಳುವುದಿಲ್ಲ. ನಮ್ಮ ಟ್ರಾವೆಲ್ ಏಜೆಂಟ್ "ಕೀನ್ಯಾಗೆ ಲಸಿಕೆ ಬೇಕಿಲ್ಲ ಸಾರ್" ಎಂದಿದ್ದ. ಆ ಮಾತು ಸುಳ್ಳಾಗಿರಲಿಲ್ಲ, ಅರ್ಧ ಮಾತ್ರ ನಿಜವಾಗಿತ್ತು. ಕೀನ್ಯಾ ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಹೊರಟ ಆರು ದಿನಗಳ ಒಳಗೆ ಭಾರತಕ್ಕೆ ಬರುವ ಪ್ರಯಾಣಿಕನ ಬಳಿ, ಅವನು ಭಾರತೀಯನೇ ಆಗಿರಲಿ ಬೇರೆಯವನೇ ಆಗಿರಲಿ, ಲಸಿಕೆಯ ಪ್ರಮಾಣಪತ್ರ, ಅಂದರೆ ಹಳದಿ ಕಾರ್ಡು, ಇಲ್ಲದಿದ್ದರೆ, ಆ ಆರು ದಿನಗಳು ತುಂಬುವವರೆಗೆ ಅವನನ್ನು ಕ್ವಾರಂಟೈನ್‌ನಲ್ಲಿ ಇರಿಸುವ ಅಧಿಕಾರ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗೆ ಇದೆ. ನೈರೋಬಿ ನಗರವನ್ನು ಬಿಟ್ಟು ಎಲ್ಲಿಗೂ ಹೋಗಿಲ್ಲ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ನಮ್ಮ ನಿಯಮಕ್ಕೆ ಇಡೀ ದೇಶ ಒಂದೇ.

ನನ್ನ ಪತ್ನಿ ಲಸಿಕೆ ಹಾಕಿಸಿಕೊಂಡಿದ್ದು ಸರ್ಕಾರಿ ಕೇಂದ್ರದಲ್ಲಿ, 300 ರೂಪಾಯಿಗೆ. ಮೊದಲ ದಿನ ಹೋದಾಗ ಅಂದಿನ ಸಂಖ್ಯೆ ಮುಗಿದಿದೆ ಎಂದು ವಾಪಸ್ ಕಳಿಸಿದ್ದರು. ಕಾರಣ ಆಮೇಲೆ ತಿಳಿಯಿತು: ಒಂದು ಸೀಸೆಯಲ್ಲಿ ಹಲವರಿಗೆ ಆಗುವಷ್ಟು ಮದ್ದಿರುತ್ತದೆ, ದ್ರಾವಣ ಬೆರೆಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಹಾಗಾಗಿ ಗೊತ್ತುಪಡಿಸಿದ ದಿನಗಳಲ್ಲಿ, ಗೊತ್ತುಪಡಿಸಿದಷ್ಟೇ ಜನರಿಗೆ ಹಾಕುತ್ತಾರೆ. ಎರಡನೆಯ ಸಲ ಅವಳು ಬೆಳಗ್ಗೆ ಬೇಗನೆ ಹೋಗಿ ಸರತಿಯಲ್ಲಿ ನಿಂತು, ಚುಚ್ಚಿಸಿಕೊಂಡು, ಅರ್ಧ ಗಂಟೆ ಬೆಂಚಿನ ಮೇಲೆ ಕುಳಿತು, ಮೊಹರು ಬಿದ್ದ ಹಳದಿ ಕಾರ್ಡಿನೊಂದಿಗೆ ಬಂದಳು.

ನನಗೆ ಜನಜಂಗುಳಿ ಆಗದು. ಮದುವೆ ಮನೆಯ ಊಟದ ಪಂಕ್ತಿಗೆ ನುಗ್ಗಲಾರದೆ ಹಸಿದು ಬಂದವನು ನಾನು. ಏಜೆಂಟ್ ಹೇಳಿದ ಖಾಸಗಿ ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಏಸಿ ಇತ್ತು, ಸರತಿ ಇರಲಿಲ್ಲ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು, 3,500 ರೂಪಾಯಿ ತೆಗೆದುಕೊಂಡರು. ಕೊಟ್ಟ ಕಾರ್ಡೂ ಹಳದಿಯೇ. ಕೇಂದ್ರ ಆರೋಗ್ಯ ಸಚಿವಾಲಯ ಅಧಿಕೃತ ಕೇಂದ್ರಗಳ ಪಟ್ಟಿಯೊಂದನ್ನು ಪ್ರಕಟಿಸುತ್ತದೆ, ಆ ಪಟ್ಟಿಯಲ್ಲಿ ಇಲ್ಲದ ಕಡೆಯ ಕಾರ್ಡಿಗೆ ಬೆಲೆಯಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳಬಹುದಿತ್ತು, ಎರಡು ನಿಮಿಷದ ಕೆಲಸ ಅದು.

ಮರಳಿ ಇಳಿದದ್ದು ನಮ್ಮ ಊರಲ್ಲದ ಒಂದು ನಗರದಲ್ಲಿ, ನಸುಕಿನ ಹೊತ್ತಿಗೆ. ಇಮಿಗ್ರೇಷನ್‌ಗಿಂತ ಮುಂಚೆಯೇ ಆರೋಗ್ಯ ತಪಾಸಣೆಯ ಮೇಜು ಇತ್ತು. ಅಲ್ಲಿದ್ದವರು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಪತ್ನಿಯ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆ ತಾಳೆ ನೋಡಿ ಮುಂದೆ ಕಳಿಸಿದರು. ನನ್ನದನ್ನು ತಿರುವಿ, ಮೊಹರನ್ನು ದಿಟ್ಟಿಸಿ, ಪಟ್ಟಿಯನ್ನು ತೆಗೆದು ನೋಡಿ, ಪಕ್ಕದ ಕುರ್ಚಿಯಲ್ಲಿ ಕೂರಲು ಹೇಳಿದರು. ಆ ಕುರ್ಚಿಯಲ್ಲಿ ಮೂರು ಗಂಟೆ ಕಳೆದೆ. "ಜ್ವರ ಇದೆಯೇ ನೋಡಿಬಿಡಿ, ಇಲ್ಲದಿದ್ದರೆ ಬಿಡಿ" ಎಂದು ನಾನು ವಾದಿಸಿದ್ದು ಎಷ್ಟು ಪೆದ್ದುತನವೆಂದು ಅಲ್ಲಿನ ವೈದ್ಯರೇ ವಿವರಿಸಿದರು. ಸೋಂಕಿತ ಸೊಳ್ಳೆ ಕಚ್ಚಿದ ಮೇಲೆ ಜ್ವರ ಕಾಣಿಸಿಕೊಳ್ಳಲು ಮೂರರಿಂದ ಆರು ದಿನ ಬೇಕು. ನೈರೋಬಿಯಿಂದ ಬರಲು ಸಾಕಾಗುವುದು ಒಂದು ರಾತ್ರಿ. ಮೈಬಿಸಿ ಅಳೆಯುವ ಕ್ಯಾಮೆರಾದ ಮುಂದೆ ಅಂಥವನು ಆರಾಮವಾಗಿ ನಡೆದು ಹೋಗುತ್ತಾನೆ. ಆದ್ದರಿಂದಲೇ ಇಲ್ಲಿ ಪರೀಕ್ಷೆ ದೇಹಕ್ಕಲ್ಲ, ಕಾರ್ಡಿಗೆ.

ಹೆದರಿಕೆಗೆ ಕಾರಣವಿದೆ. ನಮ್ಮಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯೇ ಹಳದಿ ಜ್ವರವನ್ನೂ ಹರಡಬಲ್ಲದು. ಸೊಳ್ಳೆ ಇದೆ, ಲಸಿಕೆ ಹಾಕಿಸಿಕೊಳ್ಳದ ಕೋಟ್ಯಂತರ ಜನ ಇದ್ದಾರೆ, ವೈರಸ್ ಮಾತ್ರ ಇನ್ನೂ ಬಂದಿಲ್ಲ. 2016ರಲ್ಲಿ ಅಂಗೋಲಾದಲ್ಲಿ ಈ ಜ್ವರ ಹಬ್ಬಿದ್ದಾಗ ಅಲ್ಲಿಂದ ಚೀನಾಕ್ಕೆ ಮರಳಿದವರಲ್ಲಿ 11 ಮಂದಿಗೆ ಸೋಂಕಿತ್ತು. ಏಷ್ಯಾಕ್ಕೆ ಅದು ಬಂದದ್ದು ಆಗಲೇ ಮೊದಲು. ಅರ್ಜಿಯಲ್ಲಿ ನನ್ನ ಊರು ಸಾಗರ ಎಂದು ಓದಿದ ವೈದ್ಯರು, "ನಿಮ್ಮ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕೆ?" ಎಂದು ನಕ್ಕರು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ತಜ್ಞರಿಗೆ ಮೊದಲು ಬಂದ ಅನುಮಾನ, ಹಳದಿ ಜ್ವರ ಕೊನೆಗೂ ಭಾರತಕ್ಕೆ ಬಂದಿತೇ ಎಂಬುದೇ ಆಗಿತ್ತಂತೆ. ಆಮೇಲೆ ಅದು ಉಣುಗಿನಿಂದ ಹರಡುವ ಬೇರೆ ವೈರಸ್ ಎಂದು ತಿಳಿಯಿತು. ಮಂಗನ ಕಾಯಿಲೆಯ ಸುದ್ದಿ ಕೇಳುತ್ತಲೇ ಬೆಳೆದ ನನಗೆ ಇವೆರಡೂ ಒಂದೇ ಕುಟುಂಬದ ವೈರಸ್‌ಗಳೆಂಬುದು ಗೊತ್ತಾಗಲು ಆ ಕುರ್ಚಿಯೇ ಬೇಕಾಯಿತು.

ಕ್ವಾರಂಟೈನ್ ಕೋಣೆಯ ಬಗ್ಗೆ ಹೆಚ್ಚು ದೂರುವುದಿಲ್ಲ. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ, ಸೊಳ್ಳೆ ಒಳಬರದಂತೆ ಒಂದರ ಹಿಂದೊಂದು ಎರಡು ಬಾಗಿಲು, ಮಂಚಕ್ಕೆ ಪರದೆ. ನನಗೆ ಕಾಯಿಲೆ ಇದ್ದರೆ ಅದು ಇಲ್ಲಿನ ಸೊಳ್ಳೆಗೆ ದಾಟಬಾರದು, ಅಷ್ಟೇ ಉದ್ದೇಶ. ದಿನಕ್ಕೆ ಎರಡು ಸಲ ಜ್ವರ ನೋಡಿ ಬರೆದುಕೊಳ್ಳುತ್ತಿದ್ದರು. ಹಾಸಿಗೆ ಮಾತ್ರ ನಡುವೆ ಕುಸಿದು ತೊಟ್ಟಿಲಿನಂತಾಗಿತ್ತು. ಎರಡನೆಯ ರಾತ್ರಿಯಿಂದ ನಾನು ನೆಲದ ಮೇಲೆ ಮಲಗಿದೆ. ಜನ ಕಂಡರಾಗದ ನನ್ನಂಥವನಿಗೆ ಏಕಾಂತ ಹಿತವಾಗಬೇಕಿತ್ತು. ಮೂರನೆಯ ದಿನದ ಹೊತ್ತಿಗೆ ಥರ್ಮಾಮೀಟರ್ ಹಿಡಿದು ಬರುವವರ ಹೆಜ್ಜೆ ಸದ್ದಿಗೂ ಕಾಯುವಂತಾಯಿತು.

ನನ್ನನ್ನು ಕಾಪಾಡಿದ್ದು ಹಿಂದಿನ ಬೀದಿಯ ಒಂದು ಉಡುಪಿ ಹೋಟೆಲು. ಆರು ಮೇಜುಗಳ ಜಾಗ ಎಂದು ಪತ್ನಿ ಹೇಳಿದಳು. ನಾನು ಒಳಗೆ ಕಾಲಿಟ್ಟಿದ್ದು ಬಿಡುಗಡೆಯ ದಿನವೇ. ಕುಂದಾಪುರದ ಯಜಮಾನರು ಫೋನಿನಲ್ಲಿ ವಿಷಯ ಕೇಳಿ, "ಜ್ವರವೇ ಇಲ್ದೆ ಜ್ವರದ ಕೋಣೆ ಎಂತಕ್ಕೆ ಮಾರಾಯ್ರೆ?" ಎಂದು ಬೆರಗಾದರು, ಆಮೇಲೆ ಎರಡು ಹೊತ್ತೂ ತಪ್ಪದೆ ಗೇಟಿಗೆ ಊಟ ಕಳಿಸಿದರು. ಕುಚ್ಚಲಕ್ಕಿ ಅನ್ನ, ಬಸಳೆ ಸೊಪ್ಪಿನ ಹುಳಿ, ಒಂದು ಪಲ್ಯ, ಕರಿಬೇವು ಜಜ್ಜಿ ಹಾಕಿದ ಮಜ್ಜಿಗೆ, ಎಲ್ಲ ಸೇರಿ 90 ರೂಪಾಯಿ. ಬೆಳಗ್ಗೆ ಎರಡು ಬನ್ಸ್, ಕೇಳದಿದ್ದರೂ ಚಟ್ನಿ ಎರಡು ಪೊಟ್ಟಣ. ನಾಲ್ಕನೆಯ ದಿನ ನಾನು ಅನ್ನ ಉಳಿಸಿದ್ದನ್ನು ಹುಡುಗ ಹೋಗಿ ಹೇಳಿದನೋ ಏನೋ, ರಾತ್ರಿ ಅನ್ನದ ಬದಲು ಗಂಜಿ, ಸುಟ್ಟ ಹಪ್ಪಳ, ಮಿಡಿ ಉಪ್ಪಿನಕಾಯಿ ಬಂತು. ಸಫಾರಿ ಲಾಡ್ಜಿನಲ್ಲಿ ದಿನಕ್ಕೆ ಎಷ್ಟೋ ಡಾಲರ್ ತೆತ್ತು ಉಂಡ ಬಫೆ ನೆನಪಿನಲ್ಲಿಲ್ಲ. ಆ ಗಂಜಿಯ ಬಿಸಿ ಇನ್ನೂ ನಾಲಿಗೆಯಲ್ಲಿದೆ.

ಒಳಗೆ ಕುಳಿತು ಕಲಿತ ಕೆಲವನ್ನು ಹೇಳಿಬಿಡುತ್ತೇನೆ. ಕಾರ್ಡು ಊರ್ಜಿತವಾಗುವುದು ಚುಚ್ಚಿದ ಹತ್ತು ದಿನಗಳ ನಂತರ. ಹೊರಡುವ ವಾರ ಓಡಾಡಿ ಪ್ರಯೋಜನವಿಲ್ಲ, ಒಂದು ತಿಂಗಳು ಮುಂಚೆ ಹೋಗಿ. ಒಮ್ಮೆ ಹಾಕಿಸಿಕೊಂಡರೆ ಸಾಕು: ಹಿಂದೆ ಹತ್ತು ವರ್ಷಕ್ಕೊಮ್ಮೆ ಬೇಕಿತ್ತು, 2016ರ ಜುಲೈ 11ರಿಂದ ಅದು ಜೀವನಪರ್ಯಂತ ಊರ್ಜಿತ, ಹಳೆಯ ಕಾರ್ಡುಗಳಿಗೂ ಅದೇ ಅನ್ವಯ. ಕಾರ್ಡಿನ ಹೆಸರು ಮತ್ತು ಪಾಸ್‌ಪೋರ್ಟಿನ ಹೆಸರು ಅಕ್ಷರಶಃ ಒಂದೇ ಇರಬೇಕು. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು, ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು, ಏಕೆಂದರೆ ಇದು ಬಲಗುಂದಿಸಿದ ಜೀವಂತ ವೈರಸ್‌ನ ಲಸಿಕೆ. ಅಂಥವರಿಗೆ ವೈದ್ಯರ ವಿನಾಯಿತಿ ಪತ್ರ ಸಿಗುತ್ತದೆ, ಆದರೆ ಅದನ್ನು ಒಪ್ಪಿ ಬಿಡುವುದು ಆರೋಗ್ಯಾಧಿಕಾರಿಗೆ ಬಿಟ್ಟದ್ದು. ಅಮ್ಮನನ್ನೋ ಅತ್ತೆಯನ್ನೋ ಕರೆದೊಯ್ಯುವವರು ಇದನ್ನು ಮೊದಲೇ ಲೆಕ್ಕ ಹಾಕಿರಬೇಕು. ಇಥಿಯೋಪಿಯಾ ಕೂಡ ಅದೇ ಪಟ್ಟಿಯಲ್ಲಿದೆ, ಆದ್ದರಿಂದ ಅಲ್ಲಿನ ಆಡಿಸ್ ಅಬಾಬಾದಲ್ಲಿ ವಿಮಾನ ಬದಲಿಸುವವರು ನಿಲ್ದಾಣದಿಂದ ಹೊರಗೆ ಕಾಲಿಡಬೇಡಿ: ಒಳಗೇ ಇದ್ದವರಿಗೆ ರಿಯಾಯಿತಿ ಸಿಗಬಹುದು, ಊರು ನೋಡಿ ಬಂದವರಿಗೆ ಇಲ್ಲ.

ಆರು ದಿನದ ಲೆಕ್ಕ ಶುರುವಾಗುವುದು ಆ ದೇಶವನ್ನು ಬಿಟ್ಟಾಗಿನಿಂದ. ಮರಳುವಾಗ ದುಬೈನಂಥ ಊರಿನಲ್ಲಿ ನೆಂಟರ ಮನೆ ಇದ್ದು ವಾರ ಕಳೆದು ಬರುವವರಿಗೆ ಇದರ ತೊಡಕಿಲ್ಲ. ನನಗೆ ದುಬೈನಲ್ಲಿ ನೆಂಟರಿಲ್ಲ.

ಹೊರಬಂದು ಕ್ಲಿನಿಕ್ಕಿಗೆ ಫೋನ್ ಮಾಡಿದಾಗ, "ಕೀನ್ಯಾದಲ್ಲಿ ಏನೂ ತೊಂದರೆ ಆಗಲಿಲ್ಲವಲ್ಲ ಸಾರ್?" ಎಂದರು. ಹಣ ವಾಪಸ್ ಬರಲಿಲ್ಲ. ಮುಂದಿನ ವರ್ಷ ಉಗಾಂಡಾಕ್ಕೆ ಹೋಗುವ ಮಾತಿದೆ, ಅಲ್ಲಿ ಒಳಗೆ ಬಿಡುವಾಗಲೇ ಕಾರ್ಡು ಕೇಳುತ್ತಾರೆ. ಕಳೆದ ವಾರ ಸರ್ಕಾರಿ ಕೇಂದ್ರಕ್ಕೆ ಹೋದೆ. ನನ್ನ ಮುಂದೆ ಹದಿನೇಳು ಜನರಿದ್ದರು, ಹಿಂದಿದ್ದವರ ಚೀಲ ಬೆನ್ನಿಗೆ ಒತ್ತುತ್ತಿತ್ತು. ಪತ್ನಿ ಎದುರಿನ ಬೆಂಚಿನಲ್ಲಿ ಕುಳಿತು ಕಡಲೆಕಾಯಿ ತಿನ್ನುತ್ತಿದ್ದಳು.