‘ಮಕ್ಕಳಿಗೆ ಏನು ತೋರಿಸಿದ್ರಿ?’

ಹೊಂಗೆ ಚಿಗುರುವ ಹೊತ್ತಿಗೆ ಈ ಪ್ರಶ್ನೆಯೂ ಚಿಗುರುತ್ತದೆ. ಲಿಫ್ಟ್‌ನಲ್ಲಿ ಪಕ್ಕದ ಫ್ಲಾಟಿನ ಆಂಟಿ, ಮದುವೆಮನೆಯಲ್ಲಿ ಚಿಕ್ಕಮ್ಮಂದಿರು, ಫೋನಿನಲ್ಲಿ ಇನ್ಯಾರೋ: “ವೀಕೆಂಡ್ ಎಲ್ಲಿಗೆ ಹೋಗಿದ್ರಿ? ಮಕ್ಕಳಿಗೆ ಏನು ತೋರಿಸಿದ್ರಿ?” ಊರು ಬೆಂಗಳೂರು, ಮನೆಯಲ್ಲಿ ಎರಡು ವರ್ಷದ್ದೊಂದು, ಐದು ವರ್ಷದ್ದೊಂದು. ಲಾಲ್‌ಬಾಗ್ ಅಂದರೆ “ಮತ್ತೆ ಲಾಲ್‌ಬಾಗಾ?” ಅನ್ನುತ್ತಾರೆ, ನಾವೇನೋ ತಂಗಳನ್ನ ಬಡಿಸಿದ ಹಾಗೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಮೊದಲು ಆ ‘ತೋರಿಸುವ’ ಮಾತು ಮುಗಿಸಿಬಿಡೋಣ. ಎರಡು ವರ್ಷದ ಮಗುವಿಗೆ ಲಾಲ್‌ಬಾಗಿನ ಗಾಜಿನ ಮನೆ ತೋರಿಸಲು ಆಗುವುದಿಲ್ಲ. 1889ರಲ್ಲಿ ಅಡಿಗಲ್ಲು ಹಾಕಿದ್ದು ಅಂತ ಬೆರಳು ಚಾಚಿದರೆ ಅದು ಬೆರಳು ನೋಡುತ್ತದೆ, ಆಮೇಲೆ ಬೆರಳಿನ ಕೆಳಗೆ ಹೋಗುತ್ತಿರುವ ಇರುವೆ ನೋಡುತ್ತದೆ. ಆ ಇರುವೆ ಸಾಲಿನ ಹಿಂದೆ 25 ನಿಮಿಷ ಕೂತುಕೊಳ್ಳುತ್ತದೆ. ಆ 25 ನಿಮಿಷ ಸುಮ್ಮನೆ ಪಕ್ಕದಲ್ಲಿ ಕೂರಲು ಬಂದರೆ ನಿಮ್ಮ ಸುತ್ತಾಟ ಗೆದ್ದಂತೆ. “ಬಾ ಬಾ, ಇನ್ನೂ ಕೆರೆ ನೋಡಬೇಕು” ಅಂತ ಎಳೆದಿರೋ, ಅಲ್ಲಿಗೆ ರಂಪ ಶುರು. ಹಟ ಮಗುವಿನದಲ್ಲ, ನಿಮ್ಮ ಪಟ್ಟಿಯದು.

“ನಂದಿಬೆಟ್ಟಕ್ಕೆ ಯಾಕೆ ಹೋಗಲ್ಲ?” ಇದು ಎರಡನೇ ಸುತ್ತಿನ ಪ್ರಶ್ನೆ. ಲೆಕ್ಕ ಹಾಕಿ. ಸುಮಾರು 60 ಕಿಲೋಮೀಟರ್. ಸೂರ್ಯೋದಯ ಬೇಕೆಂದರೆ ನಾಲ್ಕಕ್ಕೆ ಮಕ್ಕಳನ್ನು ಎಬ್ಬಿಸಬೇಕು. ಭಾನುವಾರವಾದರೆ ಬೆಟ್ಟದ ಬುಡದಲ್ಲಿ ಕಾರುಗಳ ಸಾಲು. ಖಾಲಿ ಹೊಟ್ಟೆಗೆ ಬರೀ ಹಾಲು ಕುಡಿದ ಮಗು, ಮೇಲಿಂದ ಆ ತಿರುವುಗಳು. ಮುಂದಿನದು ಹಿಂದಿನ ಸೀಟಿನ ಕಥೆ, ಹೇಳುವುದು ಬೇಡ. 1,478 ಮೀಟರ್ ಎತ್ತರದ ತಂಗಾಳಿ ಒಂದು ಗಂಟೆ ಸಿಗುತ್ತದೆ. ಇಳಿದು ಹೊರಡುವಾಗ ಹನ್ನೊಂದು, ಕಾರು ಬಿಸಿಲಲ್ಲಿ ನಿಂತು ಕಾದ ಬಾಣಲೆ, ಸೀಟ್ ಬೆಲ್ಟಿನ ಲೋಹದ ಕೊಂಡಿ ಮುಟ್ಟಿದರೆ ಚುರ್ರನ್ನುತ್ತದೆ. (ಬಿಸಿಲಲ್ಲಿ ನಿಲ್ಲಿಸಲೇಬೇಕಾದರೆ ಕೊಂಡಿಯ ಮೇಲೆ ಬಿಳಿ ಟವಲ್ ಹಾಸಿ ಹೋಗಿ. ಬಂದ ಮೇಲೆ ನಾಲ್ಕೂ ಬಾಗಿಲು ತೆರೆದು ಎರಡು ನಿಮಿಷ ಬಿಟ್ಟು ಆಮೇಲೆ ಮಗುವನ್ನು ಕೂರಿಸಿ.) ಹೊರಟ ಹತ್ತು ನಿಮಿಷಕ್ಕೆ ಎರಡೂ ನಿದ್ದೆಗೆ ಜಾರುತ್ತವೆ.

ನಿಜವಾದ ಅನಾಹುತ ಈ ನಿದ್ದೆ. ವಾಂತಿ ಒರೆಸಿದರೆ ಹೋಗುತ್ತದೆ. ಸಣ್ಣ ಮಗುವಿಗೆ ಮಧ್ಯಾಹ್ನ ಒಂದೂವರೆ, ಎರಡು ಗಂಟೆಯ ನಿದ್ದೆ ಬೇಕು. ಹನ್ನೊಂದೂವರೆಗೆ ಕಾರಿನಲ್ಲಿ ಕಾಲು ಗಂಟೆ ತೂಕಡಿಸಿತೋ, ಅದರ ನಿದ್ದೆಯ ಹಸಿವು ಅರ್ಧ ತೀರಿಹೋಗುತ್ತದೆ. ಮನೆಗೆ ಬಂದು ಮಲಗಿಸಿದರೆ ಕಣ್ಣು ಪಿಳಿಪಿಳಿ. ಸಂಜೆ ಐದಕ್ಕೆ ಕಾರಣವೇ ಇಲ್ಲದ ಅಳು, ಆರಕ್ಕೆ ಊಟದ ತಟ್ಟೆಯ ಮೇಲೆ ನಿದ್ದೆ, ರಾತ್ರಿ ಹತ್ತಕ್ಕೆ ಎದ್ದು ಆಟ. ಭಾನುವಾರದ ಸುತ್ತಾಟದ ಸಾಲ ಮಂಗಳವಾರದವರೆಗೂ ತೀರುವುದಿಲ್ಲ.

ಅದಕ್ಕೇ ನನಗೆ ಬೇಕಾದ ಪ್ರಶ್ನೆ ಬೇರೆ. “ಎಷ್ಟೊತ್ತಿಗೆ ವಾಪಸ್ ಬರ್ತೀರಿ?” ಅಂತ ಯಾರಾದರೂ ಕೇಳಲಿ, ಕುರ್ಚಿ ಎಳೆದು ಕೂರಿಸಿ ಹೇಳುತ್ತೇನೆ.

ಒಂಬತ್ತೂವರೆಗೆ ಮನೆಯಲ್ಲಿರಬೇಕು. ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಎಣಿಸಿ. ಮಾರ್ಚ್, ಏಪ್ರಿಲ್‌ನಲ್ಲಿ ಇಲ್ಲಿ ಮಧ್ಯಾಹ್ನ 33, 34 ಡಿಗ್ರಿ. ಆದರೆ ಬೆಳಗ್ಗೆ ಏಳಕ್ಕೆ ಗಾಳಿ ಇನ್ನೂ ತಣ್ಣಗಿರುತ್ತದೆ. ಆರೂಮುಕ್ಕಾಲಿಗೆ ಹೊಸ್ತಿಲು ದಾಟಿದರೆ ಎರಡು ಗಂಟೆ ಕೈಗೆ ಸಿಗುತ್ತದೆ. ಅದಕ್ಕೆ ಚೀಲ ಹಿಂದಿನ ರಾತ್ರಿಯೇ ಬಾಗಿಲ ಬಳಿ ಇರಬೇಕು. ಬೆಳಗ್ಗೆ ಟೋಪಿ ಹುಡುಕಲು ಹೋದವರು ಎಂಟಕ್ಕೆ ಹೊರಡುತ್ತಾರೆ. ವಾಪಸ್ ಬರುವ ಕೊನೆಯ ಕಾಲು ಗಂಟೆ ಚಿಕ್ಕದರ ಕೈಗೆ ಅಗಿಯುವಂಥದ್ದು ಏನಾದರೂ ಕೊಡಿ. ಬಾಯಿ ಆಡುತ್ತಿದ್ದರೆ ಕಣ್ಣು ಮುಚ್ಚುವುದಿಲ್ಲ.

ತಿಂಡಿಗೆ ಮೊಸರನ್ನ. ಆದರೆ ಮನೆಯಲ್ಲಿ ಕಲಸುವ ಹಾಗೆ ಮೊಸರು ಸುರಿದು ಒಯ್ದರೆ ಈ ಸೆಕೆಗೆ ಹುಳಿಯಾಗಿ ಮಕ್ಕಳು ಮುಖ ಹಿಂಡುತ್ತವೆ. ಅನ್ನ ಉಗುರುಬೆಚ್ಚಗಾಗುವವರೆಗೆ ಬಿಡಿ, ಒಂದು ಲೋಟದಷ್ಟನ್ನು ಚೆನ್ನಾಗಿ ಹಿಸುಕಿ, ಮುಕ್ಕಾಲು ಲೋಟ ಕಾಯಿಸಿ ಆರಿಸಿದ ಹಾಲು ಹಾಕಿ, ಮೊಸರು ಒಂದೇ ಚಮಚ. ಕಲಸುವಾಗ ಪಾಯಸದ ಹಾಗೆ ತೆಳ್ಳಗಿರಬೇಕು, ಅನ್ನ ಹಾಲು ಹೀರಿಕೊಂಡು ತಿನ್ನುವ ಹೊತ್ತಿಗೆ ಹದಕ್ಕೆ ಬರುತ್ತದೆ. ಸುಡು ಅನ್ನಕ್ಕೆ ಹಾಕಿದರೆ ಮೊಸರು ಒಡೆಯುತ್ತದೆ. ಸೌತೆಕಾಯಿ ಇಡಿಯಾಗಿ ಒಯ್ದು ಅಲ್ಲೇ ಹೆಚ್ಚಿ. ಮನೆಯಲ್ಲೇ ಉಪ್ಪು ಹಾಕಿ ಡಬ್ಬಿಗೆ ತುಂಬಿದರೆ ಅರ್ಧ ಗಂಟೆಗೆ ನೀರಿನಲ್ಲಿ ತೇಲುತ್ತದೆ. ಕಲ್ಲಂಗಡಿ ಬೇಡ. ತಿಂದ ಮುಕ್ಕಾಲು ಗಂಟೆಗೆ ಶೌಚಾಲಯ ಹುಡುಕುವ ಕೆಲಸ ನಿಮ್ಮದೇ. ಕುಡಿಯಲು ಮಗುವಿಗೊಂದು ಅರ್ಧ ಲೀಟರ್ ಬಾಟಲಿ, ಕೈತೊಳೆಯಲು ಬೇರೆಯೇ ಒಂದು ಲೀಟರ್. ಕುಡಿಯುವ ನೀರಿನಲ್ಲೇ ಕೈತೊಳೆದು ಆಮೇಲೆ ಬಾಯಾರಿ ಅಳುವುದು ಬಹಳ ಮನೆಗಳ ಪದ್ಧತಿ.

ಮೆಟ್ರೋದಲ್ಲಿ ಹೋಗುವುದಾದರೆ ಲಾಲ್‌ಬಾಗ್‌ಗೆ ಹಸಿರು ಮಾರ್ಗ, ನಿಲ್ದಾಣದ ಹತ್ತಿರವೇ ಪಶ್ಚಿಮ ದ್ವಾರ. ಕಬ್ಬನ್ ಪಾರ್ಕಿಗೆ ನೇರಳೆ ಮಾರ್ಗ. ಮೂರಡಿಗಿಂತ ಗಿಡ್ಡ ಮಕ್ಕಳಿಗೆ ಟಿಕೆಟ್ ಇಲ್ಲ, ಅಂದರೆ ಚಿಕ್ಕದಕ್ಕೆ ಇಲ್ಲ, ದೊಡ್ಡದಕ್ಕೆ ಉಂಟು. ಎಸಿ ಇಲ್ಲದ ಬಸ್ಸಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ, ಅಮ್ಮನಿಗೆ ಖರ್ಚಿಲ್ಲ. ತಳ್ಳುಗಾಡಿಯ ವಿಷಯ: ತೋಟದೊಳಗಿನ ದಾರಿಗೆ ಚೆನ್ನ, ತೋಟದವರೆಗಿನ ಫುಟ್‌ಪಾತಿಗೆ ಶಿಕ್ಷೆ. ಹತ್ತು ಹೆಜ್ಜೆಗೊಂದು ಅಲುಗಾಡುವ ಚಪ್ಪಡಿ, ಅಡ್ಡಕ್ಕೆ ಒಂದು ಟ್ರಾನ್ಸ್‌ಫಾರ್ಮರ್. ಕೊಡೆಯ ಹಾಗೆ ಮಡಚಿ ಒಂದು ಕೈಯಲ್ಲಿ ಎತ್ತಲು ಬರುವಂಥದ್ದಿದ್ದರೆ ಮಾತ್ರ ಒಯ್ಯಿರಿ. ಎಸ್ಕಲೇಟರಿಗೆ ಅದನ್ನು ಏರಿಸಬೇಡಿ, ಲಿಫ್ಟ್ ಇದೆ.

ಲಾಲ್‌ಬಾಗ್ 240 ಎಕರೆ. ಒಂದು ಬೆಳಗಿಗೆ ಒಂದೇ ಜಾಗ: ಕೆರೆ ಅಂದರೆ ಕೆರೆ, ಬಂಡೆ ಅಂದರೆ ಬಂಡೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳಿಗೆ ಅದು ಕೂತುಕೊಂಡು ಜಾರಲು ಹೇಳಿಮಾಡಿಸಿದ ಇಳಿಜಾರು, ಅಷ್ಟು ಸಾಕು. ಎಂಟರವರೆಗೆ ಬರಿಗಾಲಿಗೆ ತಂಪು. ಒಂಬತ್ತಕ್ಕೆ ಬಿಸಿ ಏರತೊಡಗುತ್ತದೆ. ಸಂಜೆ ಹೋಗುವವರು ಮೋಸಹೋಗುವುದು ಇಲ್ಲೇ: ಬಿಸಿಲು ಇಳಿದರೂ ಕಲ್ಲು ದಿನವೆಲ್ಲ ಕುಡಿದ ಕಾವನ್ನು ಉಗುಳುತ್ತಲೇ ಇರುತ್ತದೆ, ಆರು ಗಂಟೆಗೂ ಕೂತರೆ ದೋಸೆಕಲ್ಲಿನ ಮೇಲೆ ಕೂತ ಹಾಗೆ. ಬಡಾವಣೆಯ ಪಾರ್ಕಿನ ಸ್ಟೀಲ್ ಜಾರುಬಂಡೆಗೂ ಇದೇ ನಿಯಮ. ಅಂಗೈ ಒರಟಾಗಿರುತ್ತದೆ, ನಂಬಬೇಡಿ. ಅಂಗೈಯ ಹಿಂಭಾಗವನ್ನು ಐದು ಎಣಿಸುವಷ್ಟು ಹೊತ್ತು ಇಟ್ಟು ನೋಡಿ, ನಿಮಗೆ ತಡೆಯದಿದ್ದರೆ ಚಡ್ಡಿಯ ಮಗುವಿಗೂ ತಡೆಯದು.

ಫಲಪುಷ್ಪ ಪ್ರದರ್ಶನಕ್ಕೆ ಬನ್ನಿ ಅಂತ ಕರೆಯಬೇಡಿ. ಅದು ಜನವರಿ ಮತ್ತು ಆಗಸ್ಟಿನ ಜಾತ್ರೆ. ವಸಂತದ ಪ್ರದರ್ಶನಕ್ಕೆ ಟಿಕೆಟ್ ಇಲ್ಲ, ಬೀದಿಯಲ್ಲೇ ನಡೆಯುತ್ತದೆ. 1908ರಲ್ಲಿ ಇಲ್ಲಿಗೆ ಬಂದ ಜರ್ಮನ್ ತೋಟಗಾರ ಕ್ರುಂಬೀಗಲ್ ವರ್ಷದ ಯಾವ ತಿಂಗಳೂ ಊರು ಹೂವಿಲ್ಲದೆ ಇರಬಾರದು ಅಂತ ಮರಗಳನ್ನು ಆರಿಸಿದವರು. ಗುಲಾಬಿ ಬಣ್ಣದ ಟಬೂಬಿಯಾ, ಹಳದಿ ಟಬೂಬಿಯಾ, ನೇರಳೆ ಜಕರಂಡ, ಏಪ್ರಿಲ್ ಹೊತ್ತಿಗೆ ಗುಲ್‌ಮೊಹರ್. ಮಕ್ಕಳ ಕಣ್ಣಿಗೆ ಮರದ ಮೇಲಿನ ಹೂವು ಲೆಕ್ಕಕ್ಕಿಲ್ಲ, ನೆಲದ ಮೇಲಿನದೇ ಹೂವು. ಟಬೂಬಿಯಾ ಒಳ್ಳೆಯದು, ಗಂಟೆಯಾಕಾರದ ಹೂವು ಇಡಿಯಾಗಿ ಉದುರುತ್ತದೆ, ಬೆರಳಿಗೆ ತೊಡಿಸಬಹುದು. ಹೊಂಗೆಯ ಹೂವು ಫುಟ್‌ಪಾತ್ ತುಂಬ ಕಡಲೆಪುರಿ ಚೆಲ್ಲಿದ ಹಾಗೆ. ಚಾಪೆ ಹಾಸುವ ಮೊದಲು ಎರಡು ಸಲ ನೋಡಿ: ಕೆಳಗೆ ಕೆಂಜಿಗ ಉಂಟಾ, ಮೇಲೆ ಹೆಜ್ಜೇನು ಕಟ್ಟಿದೆಯಾ. ಹೂವಿನ ಕಾಲವೇ ಹೆಜ್ಜೇನಿನ ಕಾಲ. ಗೂಡು ಕಂಡರೆ ಮಕ್ಕಳ ಕೈಯಿಂದ ಕಲ್ಲು ಕೆಳಗೆ ಹಾಕಿಸಿ, ಮಾತಾಡದೆ ಜಾಗ ಬದಲಿಸಿ.

ಸಂಜೆಯ ಸುತ್ತು ಚಿಕ್ಕದಿರಲಿ. ಏಪ್ರಿಲ್ ಸಂಜೆ ಮಾವಿನ ಮಳೆ ಬಂದರೆ ಮರದಡಿ ನಿಲ್ಲುವ ಚಾಳಿ ಬಿಡಿ. ಗುಲ್‌ಮೊಹರ್, ಮಳೆಮರ ಎರಡೂ ಮೊದಲ ಗಾಳಿಗೇ ಕೊಂಬೆ ಕಳಚುತ್ತವೆ. ಅಂಗಡಿಯ ಜಗಲಿಯೇ ವಾಸಿ. ಯುಗಾದಿಯ ಹಿಂದಿನ ಸಂಜೆಗೆ ಮಾತ್ರ ಒಂದು ನಿಗದಿತ ಕೆಲಸವಿದೆ, ಬೇವಿನ ಹೂವು. ಹಳೇ ಬಿಳಿ ಪಂಚೆಯನ್ನು ಮರದಡಿ ಹಾಸಿ, ದೊಡ್ಡವರು ಕೈಗೆಟಕುವ ರೆಂಬೆ ಮೆಲ್ಲಗೆ ಅಲುಗಿಸಿದರೆ ಸಾಕು. ಕಿತ್ತರೆ ಕಡ್ಡಿಯೇ ಹೆಚ್ಚು ಬರುತ್ತದೆ. ಆರಿಸುವ ಕೆಲಸ ಐದು ವರ್ಷದ್ದಕ್ಕೆ, ಚೆಲ್ಲುವ ಕೆಲಸ ಎರಡು ವರ್ಷದ್ದಕ್ಕೆ. ರಾಮನವಮಿಗೆ ತಿಂಡಿ ಕಟ್ಟುವುದೇ ಬೇಡ, ಬೀದಿಗೊಂದು ಪೆಂಡಾಲು: ಪಾನಕ, ನೀರುಮಜ್ಜಿಗೆ, ಕೋಸಂಬರಿ. ಮಜ್ಜಿಗೆಯಲ್ಲಿ ಹಸಿಮೆಣಸಿನಕಾಯಿ ಇರುತ್ತದೆ, ಮೊದಲು ನೀವು ಒಂದು ಗುಟುಕು ಕುಡಿದು ನೋಡಿ. “ಕರಗ ತೋರಿಸಿದ್ರಾ?” ಅಂತೀರಾ? ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಡುವುದು ನಡುರಾತ್ರಿ ದಾಟಿದ ಮೇಲೆ. ಮೇಲಿನ ನಿದ್ದೆಯ ಪ್ಯಾರಾ ಇನ್ನೊಮ್ಮೆ ಓದಿ.

ಮನೆಗೆ ಬಂದ ಮೇಲೆ ಚಡ್ಡಿ ಮಷಿನ್‌ಗೆ ಹಾಕುವ ಮುಂಚೆ ಜೇಬು ನೋಡಿ. ಕಲ್ಲಿದ್ದರೆ ಡ್ರಮ್ಮು ಗಲಗಲ ಅನ್ನುತ್ತದೆ, ಗೊತ್ತಾಗುತ್ತದೆ. ಸದ್ದಿಲ್ಲದೆ ಕೆಡಿಸುವುದು ಮಳೆಮರದ ಕಾಯಿ. ಈ ತಿಂಗಳುಗಳಲ್ಲಿ ಕಪ್ಪಗೆ ಹಣ್ಣಾಗಿ ಉದುರುತ್ತದೆ, ತುಳಿದರೆ ಒಳಗಿನ ತಿರುಳು ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಜೇಬನ್ನು ಒಳಗಿನಿಂದ ಹೊರಕ್ಕೆ ತಿರುಗಿಸಿ, ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಆಮೇಲೆ ಮಷಿನ್‌ಗೆ.