ಹತ್ತು ಪೌಂಡಿನ ನೋಟು ಮತ್ತು ಸ್ಕಾಟ್ಲೆಂಡಿನ ಸ್ವಾತಂತ್ರ್ಯ

2014ರ ಸೆಪ್ಟೆಂಬರ್ 18ರ ಗುರುವಾರ ಸಂಜೆ ಕೆಲಸ ಮುಗಿಸಿ, ಎಡಿನ್‌ಬರೊ ನಗರದ ಲೀಥ್ ಭಾಗದ ಒಂದು ಶಾಲೆಯಲ್ಲಿ ನಾನು ಮತ ಹಾಕಿದೆ. ಮತಪತ್ರದಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೆ? ಕೆಳಗೆ ಎರಡು ಚೌಕ, ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ಮೊಂಡು ಪೆನ್ಸಿಲ್ಲು. ನನ್ನದು ಭಾರತದ ಪಾಸ್‌ಪೋರ್ಟು. ಆದರೂ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಾಗಿದ್ದು ಸ್ಕಾಟ್ಲೆಂಡಿನಲ್ಲಿ ಕಾನೂನುಬದ್ಧವಾಗಿ ನೆಲೆಸಿದ್ದವರಿಗೆ ಆ ಜನಮತಗಣನೆಯಲ್ಲಿ ಹಕ್ಕಿತ್ತು. ಹದಿನಾರು ತುಂಬಿದ ಹುಡುಗ ಹುಡುಗಿಯರಿಗೂ ಇತ್ತು. ಹಕ್ಕಿಲ್ಲದೆ ಹೋದದ್ದು, ಗ್ಲಾಸ್ಗೊದಲ್ಲೇ ಹುಟ್ಟಿ ಬೆಳೆದು ಆಗ ಲಂಡನ್ನಿನಲ್ಲಿ ಕೆಲಸಕ್ಕಿದ್ದ ನನ್ನ ಗೆಳೆಯನಿಗೆ. ‘ನನ್ನ ದೇಶದ ಹಣೆಬರಹವನ್ನು ನೀನು ಬರೆಯುತ್ತೀಯಲ್ಲ’ ಎಂದು ಅವನು ಫೋನಿನಲ್ಲಿ ರೇಗಿದ್ದು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ. ನಾನು ‘ಬೇಡ’ ಎಂಬ ಚೌಕಕ್ಕೆ ಗುರುತು ಹಾಕಿದೆ. ಕಾರಣ ಭಾವನೆಯಲ್ಲ, ಹಣ. ಇನ್ನೂ ನಿಖರವಾಗಿ ಹೇಳಬೇಕೆಂದರೆ ಒಂದು ಹತ್ತು ಪೌಂಡಿನ ನೋಟು.

ಆ ಬೇಸಿಗೆಯಲ್ಲಿ ಅವನನ್ನು ನೋಡಲು ಲಂಡನ್ನಿಗೆ ಹೋಗಿದ್ದಾಗ ಒಂದು ಸಣ್ಣ ಅಂಗಡಿಯಲ್ಲಿ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ಹತ್ತು ಪೌಂಡಿನ ನೋಟು ಕೊಟ್ಟೆ. ಅಂಗಡಿಯ ಹುಡುಗ ಅದನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ಮಗ್ಗುಲಲ್ಲಿ ಕಾದಂಬರಿಕಾರ ವಾಲ್ಟರ್ ಸ್ಕಾಟ್, ಇನ್ನೊಂದರಲ್ಲಿ ಗ್ಲೆನ್‌ಫಿನ್ನನ್ ರೈಲು ಸೇತುವೆ. ‘ರಾಣಿಯ ಚಿತ್ರ ಇರುವುದು ಇದ್ದರೆ ಕೊಡಿ’ ಎಂದು ನಯವಾಗಿಯೇ ಹಿಂದಿರುಗಿಸಿದ. ಅವನು ತಪ್ಪು ಮಾಡಿದನೆಂದು ಹೇಳಲಾರೆ. ಸ್ಕಾಟ್ಲೆಂಡಿನ ಮೂರು ವಾಣಿಜ್ಯ ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ. ಆ ನೋಟುಗಳನ್ನು ಒಪ್ಪಿಕೊಳ್ಳಲೇಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿಯೂ ಇಲ್ಲ, ಸ್ಕಾಟ್ಲೆಂಡಿನಲ್ಲಿಯೂ ಇಲ್ಲ. ಆದರೂ ಅವು ಚಲಾವಣೆಯಲ್ಲಿರುವುದು, ಅವುಗಳ ಬೆನ್ನಿಗೆ ಬ್ರಿಟನ್ನಿನ ಕೇಂದ್ರ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡಿನ ಹಣ ಇಡಿಗಂಟಾಗಿ ನಿಂತಿರುವುದರಿಂದ. ಅದಕ್ಕೆಂದೇ ಆ ಬ್ಯಾಂಕಿನಲ್ಲಿ ಹತ್ತು ಲಕ್ಷ ಪೌಂಡಿನ ‘ಜೈಂಟ್’ ಮತ್ತು ಹತ್ತು ಕೋಟಿ ಪೌಂಡಿನ ‘ಟೈಟನ್’ ಎಂಬ ಹೆಸರಿನ, ಯಾವ ಜೇಬಿಗೂ ಇಳಿಯದ ನೋಟುಗಳಿವೆ. ಅಂದರೆ ಸ್ಕಾಟ್ಲೆಂಡಿನ ನೋಟಿನ ಮೇಲಿನ ಮುಖ ಸ್ಕಾಟ್ಲೆಂಡಿನದು, ಅದಕ್ಕಿರುವ ಜಾಮೀನು ಲಂಡನ್ನಿನದು. 1826ರಲ್ಲಿ ಲಂಡನ್ ಸರಕಾರ ಸಣ್ಣ ನೋಟುಗಳನ್ನು ನಿಲ್ಲಿಸಲು ಹೊರಟಾಗ, ಪತ್ರಿಕೆಗೆ ಪತ್ರಗಳನ್ನು ಬರೆದು ಜನರನ್ನು ಎಬ್ಬಿಸಿ ಆ ಪ್ರಯತ್ನವನ್ನು ತಡೆದವನು ಇದೇ ಸ್ಕಾಟ್. ಆ ಋಣಕ್ಕೇ ಅವನ ಮುಖ ನೋಟಿನ ಮೇಲಿದೆ. ನೋಟನ್ನು ಉಳಿಸಿಕೊಟ್ಟವನು ಇಂಗ್ಲೆಂಡಿನೊಂದಿಗಿನ ಒಕ್ಕೂಟದ ಪರವಾಗಿದ್ದವನು ಎಂಬುದು ಬೇರೆ ಮಾತು.

ಸ್ವಾತಂತ್ರ್ಯದ ಪರಿಣಾಮಗಳ ಕುರಿತು 2014ರಲ್ಲಿ ನಡೆದ ವಾದಗಳಲ್ಲಿ ಮುಕ್ಕಾಲು ಪಾಲು ಈ ಜಾಮೀನಿನ ಸುತ್ತಲೇ ಸುತ್ತಿದವು. ಸ್ಕಾಟ್ಲೆಂಡ್ ಸರಕಾರದ ಮುಖ್ಯಸ್ಥರಾದ ಆಗಿನ ಫಸ್ಟ್ ಮಿನಿಸ್ಟರ್ ಅಲೆಕ್ಸ್ ಸಾಲ್ಮಂಡ್ ಅವರ ಸರಕಾರ, ಸ್ವತಂತ್ರವಾದ ಮೇಲೂ ಪೌಂಡನ್ನು ಒಪ್ಪಂದದ ಮೂಲಕ ಹಂಚಿಕೊಳ್ಳುವುದಾಗಿ ಹೇಳಿತ್ತು. 2014ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್ ಎಡಿನ್‌ಬರೊಗೇ ಬಂದು, ಅಂಥ ಒಪ್ಪಂದ ಸಾಧ್ಯವಿಲ್ಲವೆಂದು ಸ್ಪಷ್ಟಪಡಿಸಿದರು. ಹಾಗಾದರೆ ಬ್ರಿಟನ್ನಿನ ಸಾಲದಲ್ಲಿ ನಮ್ಮ ಪಾಲನ್ನು ಹೊರಬೇಕಾದ ಅಗತ್ಯವೂ ನಮಗಿಲ್ಲ ಎಂದು ಸ್ವಾತಂತ್ರ್ಯದ ಪರದವರು ಉತ್ತರ ಕೊಟ್ಟರು. ಕೂಡು ಕುಟುಂಬದ ಪಾಲು ವಿಭಾಗ ಕಂಡವರಿಗೆ ಈ ಮಾತಿನ ಧಾಟಿ ಗೊತ್ತಿರುತ್ತದೆ: ಬಾವಿಯ ನೀರು ಕೊಡದಿದ್ದರೆ ಬಾವಿ ತೋಡಿಸಿದ ಸಾಲಕ್ಕೆ ನಾನೇಕೆ ಸಹಿ ಹಾಕಲಿ? ಎರಡೂ ಕಡೆಯವರು ಆಡುತ್ತಿದ್ದದ್ದು ಚೌಕಾಸಿಯ ಮಾತು. ಮತದಾರನಾದ ನಾನು ಕೇಳಿಸಿಕೊಳ್ಳಬೇಕಾದದ್ದು ಮಾತ್ರ ಅದನ್ನೇ ವಾಸ್ತವವೆಂದು.

ಒಪ್ಪಂದವಿಲ್ಲದೆ ಪೌಂಡನ್ನೇ ಬಳಸುವ ದಾರಿಯೂ ಇದೆ. ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಬಡ್ಡಿದರದ ತೀರ್ಮಾನ ಬೇರೆ ದೇಶದ ಬ್ಯಾಂಕಿನ ಕೈಯಲ್ಲಿರುತ್ತದೆ, ನಮ್ಮ ಬ್ಯಾಂಕೊಂದು ಮುಗ್ಗರಿಸಿದರೆ ಎತ್ತಿ ನಿಲ್ಲಿಸುವವರು ಇರುವುದಿಲ್ಲ. 2008ರ ಬಿಕ್ಕಟ್ಟಿನಲ್ಲಿ ಎಡಿನ್‌ಬರೊದಲ್ಲೇ ಪ್ರಧಾನ ಕಚೇರಿಯಿದ್ದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡನ್ನು ಉಳಿಸಲು ಬ್ರಿಟನ್ ಸರಕಾರ ಹಾಕಿದ ಬಂಡವಾಳ ಸುಮಾರು 4,500 ಕೋಟಿ ಪೌಂಡು ಎಂಬುದನ್ನು ನೆನೆದರೆ ಇದು ಬರಿಯ ಪಠ್ಯಪುಸ್ತಕದ ಅಂಜಿಕೆಯಲ್ಲ. 2019ರಲ್ಲಿ ಸ್ವಾತಂತ್ರ್ಯದ ಪರವಾದ, ಸಾಲ್ಮಂಡ್ ಅವರ ಪಕ್ಷವಾಗಿದ್ದ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ತನ್ನ ಸಮ್ಮೇಳನದಲ್ಲಿ, ಸಾಧ್ಯವಾದಷ್ಟು ಬೇಗ ಸ್ವಂತ ಕರೆನ್ಸಿಗೆ ಹೋಗಬೇಕೆಂದು ಒತ್ತಿ ಹೇಳಿತು. ದೀರ್ಘಾವಧಿಯಲ್ಲಿ ಅದೇ ಸರಿಯಾದ ದಾರಿ ಎಂದು ನನಗೂ ಅನ್ನಿಸುತ್ತದೆ. ಆದರೆ ಆ ಅವಧಿಯನ್ನು ದಾಟುವುದು ಹೇಗೆ?

ಜೆಕೊಸ್ಲೊವಾಕಿಯ 1993ರ ಜನವರಿ 1ರಂದು ಜಗಳವಿಲ್ಲದೆ ಎರಡಾಯಿತು. ಕನಿಷ್ಠ ಕೆಲವು ತಿಂಗಳಾದರೂ ಹಳೆಯ ಕರೆನ್ಸಿಯನ್ನೇ ಹಂಚಿಕೊಳ್ಳೋಣವೆಂದು ಎರಡೂ ಸರಕಾರಗಳು ಒಪ್ಪಿದ್ದವು. ಆದರೆ ಸ್ಲೊವಾಕಿಯದ ಹಣದ ಬೆಲೆ ಇಳಿಯಬಹುದೆಂಬ ಶಂಕೆಯಿಂದ ಜನರೂ ಕಂಪನಿಗಳೂ ತಮ್ಮ ಉಳಿತಾಯವನ್ನು ಜೆಕ್ ಬ್ಯಾಂಕುಗಳಿಗೆ ಸಾಗಿಸತೊಡಗಿದರು. ಆ ಒಪ್ಪಂದ ಆರು ವಾರವೂ ಬಾಳಲಿಲ್ಲ. ಫೆಬ್ರುವರಿ 8ರಂದು ಕರೆನ್ಸಿ ಬೇರೆಯಾಯಿತು. ಹೊಸ ನೋಟು ಅಚ್ಚಾಗುವವರೆಗೆ ಹಳೆಯ ನೋಟುಗಳ ಮೂಲೆಗೆ ಅಂಚೆಚೀಟಿಯಂಥ ಚೀಟಿ ಅಂಟಿಸಿ ‘ಇದು ನಮ್ಮದು’ ಎಂದು ಗುರುತು ಮಾಡಿಕೊಂಡರು. ಎಡಿನ್‌ಬರೊದ ಖಾತೆಯಿಂದ ಲಂಡನ್ನಿನ ಖಾತೆಗೆ ಹಣ ಹೋಗಲು ಇಂದು ಅಷ್ಟು ದಿನ ಬೇಕಿಲ್ಲ, ಫೋನಿನ ಮೇಲೆ ಬೆರಳಾಡಿಸಿದರೆ ಸಾಕು. ಇದಕ್ಕೆ ಎದುರು ಉದಾಹರಣೆಯಾಗಿ ಗೆಳೆಯ ಯಾವಾಗಲೂ ಐರ್ಲೆಂಡನ್ನು ತೋರಿಸುತ್ತಿದ್ದ. 1922ರಲ್ಲಿ ಬೇರೆಯಾದ ಐರ್ಲೆಂಡ್ ತನ್ನ ಪೌಂಡನ್ನು 1979ರವರೆಗೂ ಬ್ರಿಟನ್ನಿನ ಪೌಂಡಿಗೆ ಸರಿಸಮವಾಗಿಯೇ ಇಟ್ಟುಕೊಂಡಿತ್ತಲ್ಲ, ಏನು ಮುಳುಗಿಹೋಯಿತು ಎಂದು. ಮುಳುಗಲಿಲ್ಲ, ನಿಜ. ಆದರೆ ಆ ದಶಕಗಳ ಐರ್ಲೆಂಡಿನಿಂದ ಕೆಲಸ ಹುಡುಕಿಕೊಂಡು ಹೊರಟವರು ತುಂಬಿಕೊಂಡದ್ದು ಅದೇ ಇಂಗ್ಲೆಂಡಿನ ಊರುಗಳನ್ನು ಎಂಬುದನ್ನೂ ಸೇರಿಸಿ ಹೇಳಬೇಕು.

ಹಣದ ಇನ್ನೊಂದು ಮಗ್ಗುಲು ಆಯವ್ಯಯ. ಉತ್ತರ ಸಮುದ್ರದ ತೈಲವೇ ಹೊಸ ದೇಶದ ಬೆನ್ನೆಲುಬೆಂಬ ನಂಬಿಕೆ 1970ರ ದಶಕದಿಂದ ಬಂದದ್ದು. ಸ್ವಾತಂತ್ರ್ಯದ ಕುರಿತು 2013ರ ನವೆಂಬರಿನಲ್ಲಿ ಪ್ರಕಟವಾದ ಸ್ಕಾಟ್ಲೆಂಡ್ ಸರಕಾರದ ಶ್ವೇತಪತ್ರ ಬ್ಯಾರೆಲ್ಲಿಗೆ ಸುಮಾರು 110 ಡಾಲರಿನ ಲೆಕ್ಕ ಹಿಡಿದಿತ್ತು, 2016ರ ಮಾರ್ಚ್ 24ನ್ನು ಸ್ವಾತಂತ್ರ್ಯ ದಿನವೆಂದು ಗೊತ್ತುಮಾಡಿತ್ತು. 2016ರ ಜನವರಿಯಲ್ಲಿ ತೈಲದ ಬೆಲೆ 30 ಡಾಲರಿಗಿಂತ ಕೆಳಗಿಳಿಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗಾಗಿತ್ತು. ಇನ್ನೂ ಈಚಿನ ಲೆಕ್ಕ ನೋಡಿದರೆ, ಸ್ಕಾಟ್ಲೆಂಡ್ ಸರಕಾರವೇ ಹೊರತರುವ ವಾರ್ಷಿಕ ವರದಿಯ ಪ್ರಕಾರ 2023–24ರಲ್ಲಿ ಆದಾಯಕ್ಕಿಂತ ವೆಚ್ಚ 2,270 ಕೋಟಿ ಪೌಂಡು ಹೆಚ್ಚಿತ್ತು. ತೈಲದ ಪಾಲನ್ನು ಸೇರಿಸಿಕೊಂಡರೂ ಜಿಡಿಪಿಯ ಶೇ. 10.4ರಷ್ಟು ಕೊರತೆ. ಇಡೀ ಬ್ರಿಟನ್ನಿಗೆ ಅದೇ ಅವಧಿಯಲ್ಲಿ ಅದು ಶೇ. 4.5ರಷ್ಟಿತ್ತು. ಈ ವರದಿ ಅಳೆಯುವುದು ಒಕ್ಕೂಟದೊಳಗಿನ ಸ್ಕಾಟ್ಲೆಂಡನ್ನೇ ಹೊರತು ಸ್ವತಂತ್ರ ಸ್ಕಾಟ್ಲೆಂಡನ್ನಲ್ಲ, ರಕ್ಷಣಾ ವೆಚ್ಚ, ಸಾಲದ ಬಡ್ಡಿಯಂಥವು ಲಂಡನ್ನಿನ ತೀರ್ಮಾನದಿಂದ ಹಂಚಿಕೆಯಾದವು ಎಂಬ ಆಕ್ಷೇಪವಿದೆ; ಅದು ನ್ಯಾಯವಾದದ್ದೇ. ಆದರೆ ಶಾಲೆ, ಆಸ್ಪತ್ರೆ, ಪಿಂಚಣಿಗಳ ಖರ್ಚು ಯಾರ ತೀರ್ಮಾನದ್ದಾದರೂ ಖರ್ಚೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಾದ ದಿನ ಯಾವ ಕಾಲನ್ನು ಮಡಿಸುತ್ತೇವೆಂದು ಸ್ವಾತಂತ್ರ್ಯದ ಪರದವರು ಬಾಯಿ ಬಿಟ್ಟು ಹೇಳಿದ್ದನ್ನು ನಾನಂತೂ ಕೇಳಲಿಲ್ಲ. ಹೇಳಿದ್ದರೆ ನನ್ನ ಮತ ಅವರಿಗೆ ಬೀಳುತ್ತಿತ್ತೋ ಏನೋ.

ಇಷ್ಟೆಲ್ಲ ಹೇಳಿದ ಮೇಲೆ, ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಬ್ರೆಕ್ಸಿಟ್‌ಗೆ ಬರಲೇಬೇಕು, ಏಕೆಂದರೆ ನನ್ನ ಖಚಿತತೆ ಸಡಿಲಾದದ್ದು ಅಲ್ಲಿಯೇ. 2014ರಲ್ಲಿ ‘ಬೇಡ’ ಎಂದವರು ಶೇ. 55ಕ್ಕಿಂತ ಸ್ವಲ್ಪ ಹೆಚ್ಚು; ಐರೋಪ್ಯ ಒಕ್ಕೂಟದಲ್ಲಿ ಉಳಿಯಲು ಬ್ರಿಟನ್ನಿನ ಜೊತೆಗಿರುವುದೇ ಭದ್ರವಾದ ದಾರಿ ಎಂಬ ಮಾತು ಆಗ ಬಹಳ ತೂಕದ್ದಾಗಿತ್ತು. ಎರಡೇ ವರ್ಷಕ್ಕೆ, 2016ರ ಜೂನಿನಲ್ಲಿ, ಸ್ಕಾಟ್ಲೆಂಡಿನ ಶೇ. 62ರಷ್ಟು ಮತದಾರರು ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೆಂದರೂ, ಅಲ್ಲಿನ 32 ಆಡಳಿತ ಪ್ರದೇಶಗಳಲ್ಲಿ ಒಂದೂ ಹೊರಹೋಗುವ ಪರ ನಿಲ್ಲದಿದ್ದರೂ, ಒಟ್ಟು ಬ್ರಿಟನ್ ಹೊರಹೋಗಲು ತೀರ್ಮಾನಿಸಿತು. ಸ್ವಾತಂತ್ರ್ಯಕ್ಕೆ ಇದಕ್ಕಿಂತ ಗಟ್ಟಿಯಾದ ಕಾರಣ ಬೇರೆ ಬೇಕಿಲ್ಲ. ಸಿಕ್ಕೆಂದರೆ, ಅದೇ ಬ್ರೆಕ್ಸಿಟ್ ಸ್ವಾತಂತ್ರ್ಯದ ಬೆಲೆಯನ್ನೂ ಏರಿಸಿತು. ಸ್ಕಾಟ್ಲೆಂಡಿನಿಂದ ಹೊರಹೋಗುವ ಸರಕು ಮತ್ತು ಸೇವೆಗಳಲ್ಲಿ ಸುಮಾರು ಐದರಲ್ಲಿ ಮೂರು ಪಾಲು ಬ್ರಿಟನ್ನಿನ ಉಳಿದ ಭಾಗಕ್ಕೇ ಹೋಗುತ್ತದೆ. ಸ್ವತಂತ್ರ ಸ್ಕಾಟ್ಲೆಂಡ್ ಐರೋಪ್ಯ ಒಕ್ಕೂಟವನ್ನು ಸೇರಿದರೆ, ಸುಂಕ ತಪಾಸಣೆಯ ಗೆರೆ ಹಾದುಹೋಗುವುದು ಇಂಗ್ಲೆಂಡಿನ ಗಡಿಯ ಮೇಲೆಯೇ.

ಆ ಗಡಿಯನ್ನು ನಾನು ರೈಲಿನಲ್ಲಿ ಎಷ್ಟು ಸಲ ದಾಟಿದ್ದೇನೋ ಲೆಕ್ಕವಿಲ್ಲ. ಎಡಿನ್‌ಬರೊ ಬಿಟ್ಟು ಮುಕ್ಕಾಲು ಗಂಟೆಯಾಗುವಷ್ಟರಲ್ಲಿ, ಎಡಗಡೆ ಸಮುದ್ರ ಕಾಣುತ್ತಿರುವಾಗ, ಹಳಿಯ ಬದಿಗೆ ಒಂದು ಫಲಕ ಸರ್ರನೆ ಹಿಂದಕ್ಕೆ ಹೋಗುತ್ತದೆ; ಗಡಿ ಅಂದರೆ ಅಷ್ಟೇ. ನಂತರ ಬರುವ ಬೆರಿಕ್ ಎಂಬ ಊರು ಮಧ್ಯಯುಗದಲ್ಲಿ ಎರಡು ರಾಜ್ಯಗಳ ನಡುವೆ ಹತ್ತಾರು ಬಾರಿ ಕೈ ಬದಲಾಯಿಸಿ ಕೊನೆಗೆ ಇಂಗ್ಲೆಂಡಿಗೆ ಉಳಿಯಿತು. ಅದರ ಫುಟ್‌ಬಾಲ್ ತಂಡ ಮಾತ್ರ ಆಡುವುದು ಸ್ಕಾಟ್ಲೆಂಡಿನ ತಂಡಗಳ ಜೊತೆ. ಐರ್ಲೆಂಡಿನೊಂದಿಗೆ ಇರುವಂತೆ ಜನರ ಓಡಾಟಕ್ಕೆ ಮುಕ್ತ ಪ್ರಯಾಣದ ವ್ಯವಸ್ಥೆ ಮುಂದುವರಿಯಬಹುದು, ಪಾಸ್‌ಪೋರ್ಟ್ ತೋರಿಸಿ ಪಂದ್ಯಕ್ಕೆ ಹೋಗಬೇಕಾಗಿ ಬರಲಿಕ್ಕಿಲ್ಲ. ಕುರಿಮಾಂಸದ ಲಾರಿಗೆ ಆ ರಿಯಾಯಿತಿ ಸಿಗುವುದಿಲ್ಲ. ತಮಾಷೆಯೆಂದರೆ, ಪಕ್ಕದ ದೊಡ್ಡ ಮಾರುಕಟ್ಟೆಯಿಂದ ಹೊರಬಂದರೆ ಏನೂ ಆಗದು ಎಂದು ಬ್ರೆಕ್ಸಿಟ್ ಮಾಡಿಸಿದವರೇ ಸ್ಕಾಟ್ಲೆಂಡಿಗೆ ಅದು ಅನಾಹುತವೆನ್ನುತ್ತಾರೆ. ಬ್ರೆಕ್ಸಿಟ್ ಅನಾಹುತವೆಂದು ಎದೆ ಬಡಿದುಕೊಂಡವರು ತಮ್ಮ ಗಡಿಯ ಪ್ರಶ್ನೆ ಬಂದಾಗ ಎಲ್ಲವೂ ಸರಿಹೋಗುತ್ತದೆ ಎನ್ನುತ್ತಾರೆ. ಇಬ್ಬರ ಭಾಷಣಗಳನ್ನೂ ಅದಲು ಬದಲು ಮಾಡಿದರೆ ಹೆಸರುಗಳನ್ನಷ್ಟೇ ತಿದ್ದಬೇಕಾದೀತು.

ಗ್ಲಾಸ್ಗೊದಿಂದ ಸುಮಾರು 40 ಕಿಲೋಮೀಟರ್ ದೂರದ ಫಾಸ್ಲೇನ್‌ನಲ್ಲಿರುವ ಬ್ರಿಟನ್ನಿನ ಅಣ್ವಸ್ತ್ರ ಜಲಾಂತರ್ಗಾಮಿಗಳ ನೆಲೆಯನ್ನು ಎಲ್ಲಿಗೆ ಸ್ಥಳಾಂತರಿಸುವುದು ಎಂಬುದು ಮಾತುಕತೆಯಲ್ಲಿ ಸ್ಕಾಟ್ಲೆಂಡಿನ ಕೈಯಲ್ಲಿರುವ ದೊಡ್ಡ ಇಸ್ಪೀಟೆಲೆ; ಅದನ್ನು ಯಾವಾಗ ಇಳಿಸುವುದೆಂಬುದು ರಾಜಕಾರಣಿಗಳ ಆಟ, ನನ್ನ ಕುತೂಹಲಕ್ಕೆ ಅಷ್ಟಾಗಿ ನಿಲುಕಿದ್ದಲ್ಲ.

ಪರಿಣಾಮಗಳ ಪಟ್ಟಿ ಎಷ್ಟು ಬೆಳೆದರೂ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು ಒಂದೇ ಕಡೆ. ಕರೆನ್ಸಿ, ಸಾಲ, ಗಡಿ, ನೌಕಾನೆಲೆ, ಇವುಗಳಲ್ಲಿ ಒಂದಕ್ಕೂ ಉತ್ತರ ಸ್ಕಾಟ್ಲೆಂಡಿನ ಮತದಾರರ ಕೈಯಲ್ಲಷ್ಟೇ ಇಲ್ಲ. ಮತ ಹಾಕಿದ ಮೇಲೆ ಎದುರು ಕೂರುವವರ ಮನಸ್ಸು ಹೇಗಿರುತ್ತದೋ ಅದರ ಮೇಲೆ ಅರ್ಧ ಉತ್ತರ ನಿಂತಿದೆ. ಆದ್ದರಿಂದ ಮತದಾನ ಒಂದೇ ಸಲ ಆಗಬಾರದು, ಮಾತುಕತೆ ಮುಗಿದು ಷರತ್ತುಗಳು ಕಾಗದಕ್ಕಿಳಿದ ಮೇಲೆ ಇನ್ನೊಮ್ಮೆ ಆಗಬೇಕು ಎಂಬುದು ನನ್ನ ನಿಲುವು. ಗೆಳೆಯನಿಗೆ ಇದು ಒಪ್ಪಿಗೆಯಿಲ್ಲ. ಎರಡನೆಯ ಮತದಾನವಿದೆ ಎಂದು ಗೊತ್ತಾದರೆ ಲಂಡನ್ ಬೇಕೆಂದೇ ಕೆಟ್ಟ ಷರತ್ತು ಕೊಡುತ್ತದೆ ಎನ್ನುತ್ತಾನೆ. ಅದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ಸದ್ಯಕ್ಕಂತೂ ಮೊದಲನೆಯದಕ್ಕೇ ದಾರಿಯಿಲ್ಲ: ಲಂಡನ್ನಿನ ಸಂಸತ್ತಿನ ಒಪ್ಪಿಗೆಯಿಲ್ಲದೆ ಜನಮತಗಣನೆಗೆ ಕಾನೂನು ಮಾಡುವ ಅಧಿಕಾರ ಸ್ಕಾಟ್ಲೆಂಡಿನ ಸಂಸತ್ತಿಗಿಲ್ಲವೆಂದು 2022ರ ನವೆಂಬರ್ 23ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿದೆ.

ನಾನು ಸ್ಕಾಟ್ಲೆಂಡ್ ಬಿಟ್ಟು ವರ್ಷಗಳಾದವು. ಮತ್ತೊಮ್ಮೆ ಮತಪತ್ರ ಬಂದರೂ ನನ್ನ ಹೆಸರು ಪಟ್ಟಿಯಲ್ಲಿರುವುದಿಲ್ಲ. ಗೆಳೆಯ ಗ್ಲಾಸ್ಗೊಗೆ ಮರಳಿದ್ದಾನೆ, ಅವನ ಹೆಸರಿರುತ್ತದೆ. ಮೊನ್ನೆ ಮಾತಾಡುವಾಗ, ಮನೆ ಕೊಂಡಿರುವುದಾಗಿಯೂ ಇಪ್ಪತ್ತೈದು ವರ್ಷದ ಸಾಲ ತೆಗೆದಿರುವುದಾಗಿಯೂ ಹೇಳಿದ. ಸಂಬಳ ಹೊಸ ಕರೆನ್ಸಿಯಲ್ಲಿ ಬಂದು ಸಾಲದ ಕಂತು ಮಾತ್ರ ಪೌಂಡಿನಲ್ಲೇ ಉಳಿದರೆ ಏನು ಮಾಡುತ್ತೀಯೆಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಲದ ಪತ್ರದಲ್ಲಿ ಅದರ ಬಗ್ಗೆ ಏನಾದರೂ ಬರೆದಿದೆಯೋ ಇಲ್ಲವೋ ನೋಡುತ್ತೇನೆ ಎಂದ.