ಅಗ್ರಿಮೆಂಟ್ ಒಬ್ಬರ ಹೆಸರಲ್ಲಿ, ಬಾಡಿಗೆ ಮೂವರದು

ಬೆಂಗಳೂರಿನಲ್ಲಿ ಮೂವರು ಸೇರಿ ಮನೆ ಹಿಡಿದರೆ ಹೆಚ್ಚಾಗಿ ನಡೆಯುವುದು ಹೀಗೆ: ಮನೆ ಹುಡುಕಿದವರ ಹೆಸರಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟ್ ಆಗುತ್ತದೆ, ಅವರ ಅಕೌಂಟಿನಿಂದಲೇ ಅಡ್ವಾನ್ಸ್ ಹೋಗುತ್ತದೆ, ಉಳಿದಿಬ್ಬರು ತಮ್ಮ ಪಾಲನ್ನು ಅವರಿಗೆ ಯುಪಿಐ ಮಾಡುತ್ತಾರೆ. ಎಲ್ಲರೂ ಚೆನ್ನಾಗಿರುವಾಗ ಇದರಲ್ಲಿ ತೊಂದರೆ ಕಾಣುವುದಿಲ್ಲ. ಒಬ್ಬರು ಕೆಲಸ ಬದಲಿಸಿ ಪುಣೆಗೆ ಹೊರಟಾಗ ಕಾಣುತ್ತದೆ. ಕಾಗದದಲ್ಲಿ ಹೆಸರಿಲ್ಲದವರು ಓನರ್ ಮುಂದೆ ತಮ್ಮ ಅಡ್ವಾನ್ಸ್ ಕೇಳುವಂತಿಲ್ಲ. ಹೆಸರಿರುವವರೋ, ಮೂರೂ ಜನರ ಬಾಡಿಗೆಗೆ ಒಬ್ಬರೇ ಹೊಣೆ.

ಹಾಗಾಗಿ ಮೊದಲ ಕೆಲಸ, ಅಗ್ರಿಮೆಂಟಿನಲ್ಲಿ ಮೂವರ ಹೆಸರೂ ಸಹಿಯೂ ಇರಬೇಕು. ಆದರೆ ಅಷ್ಟಕ್ಕೇ ಹೊಣೆ ಮೂರು ಪಾಲಾಯಿತು ಎಂದುಕೊಳ್ಳಬೇಡಿ. ಭಾರತೀಯ ಕರಾರು ಕಾಯ್ದೆ, 1872ರ 43ನೇ ಸೆಕ್ಷನ್ ಪ್ರಕಾರ, ಬೇರೆ ರೀತಿ ಬರೆದುಕೊಂಡಿಲ್ಲದಿದ್ದರೆ, ಜಂಟಿಯಾಗಿ ಒಪ್ಪಿಕೊಂಡ ಯಾರಿಂದಲಾದರೂ ಪೂರ್ತಿ ಹಣ ವಸೂಲಿ ಮಾಡಬಹುದು. ‘ನನ್ನ ಪಾಲು ಕೊಟ್ಟಿದ್ದೇನೆ ಸಾರ್, ಅವನನ್ನು ಕೇಳಿ’ ಎಂಬ ಮಾತು ಓನರ್ ಮುಂದೆ ನಿಲ್ಲುವುದಿಲ್ಲ. ಪೂರ್ತಿ ಕಟ್ಟಿದವರು ಉಳಿದವರಿಂದ ಪಾಲು ಕೇಳಬಹುದು, ನಿಜ. ಒಬ್ಬರು ಕೈ ಎತ್ತಿದರೆ ಆ ನಷ್ಟವನ್ನು ಮಿಕ್ಕವರು ಸಮನಾಗಿ ಹೊರಬೇಕು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಪಾಲು ಎಷ್ಟೆಂದು ಬರೆದಿಡದಿದ್ದರೆ ಕಾನೂನು ಸಮಪಾಲು ಎಂದೇ ಹಿಡಿಯುತ್ತದೆ. ಅಟ್ಯಾಚ್ಡ್ ಬಾತ್‌ರೂಮಿನ ದೊಡ್ಡ ಕೋಣೆಗೂ ಯುಟಿಲಿಟಿ ಪಕ್ಕದ ಚಿಕ್ಕ ಕೋಣೆಗೂ ಒಂದೇ ಲೆಕ್ಕವಾಗುತ್ತದೆ.

ಇದಕ್ಕೇ ರೂಮ್‌ಮೇಟ್‌ಗಳ ನಡುವೆ ಇನ್ನೊಂದು ಕಾಗದ ಬೇಕು. ಒಂದು ಪುಟ ಸಾಕು. ಬಾಡಿಗೆ 42,000, ಅಡ್ವಾನ್ಸ್ ಐದು ತಿಂಗಳದ್ದು 2,10,000 ಎಂದಿಟ್ಟುಕೊಳ್ಳಿ. ಕೋಣೆ ನೋಡಿ 16,000, 14,000, 12,000 ಎಂದು ಹಂಚಿಕೊಂಡರೆ ಅಡ್ವಾನ್ಸ್ ಕೂಡ ಅದೇ ಅನುಪಾತದಲ್ಲಿ 80,000, 70,000, 60,000 ಆಗಬೇಕು. ಬಾಡಿಗೆಯನ್ನು ಕೋಣೆ ನೋಡಿ ಹಂಚಿ, ಅಡ್ವಾನ್ಸನ್ನು ಮಾತ್ರ ಸಮನಾಗಿ ಹಾಕಿದರೆ ಖಾಲಿ ಮಾಡುವ ದಿನ ಜಗಳ ಖಂಡಿತ. ಪ್ರತಿಯೊಬ್ಬರೂ ತಮ್ಮ ಪಾಲನ್ನು ನೇರವಾಗಿ ಓನರ್ ಅಕೌಂಟಿಗೇ ಹಾಕುವುದು ಒಳ್ಳೆಯದು. ಎಚ್‌ಆರ್‌ಎ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ) ಕೇಳುವಾಗ ಅದೇ ದಾಖಲೆ. ಒಬ್ಬರೇ ಬಾಡಿಗೆದಾರರಾಗಿ ತಿಂಗಳಿಗೆ 50,000ಕ್ಕಿಂತ ಹೆಚ್ಚು ಕಟ್ಟುತ್ತಿದ್ದರೆ ಟಿಡಿಎಸ್ (ಬಾಡಿಗೆಯಿಂದಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುವ ಕೆಲಸವೂ ಅವರ ತಲೆಗೇ ಬರುತ್ತದೆ.

ಹೆಚ್ಚು ಎಡವುವುದು ನಡುವೆ ಒಬ್ಬರು ಬಿಟ್ಟು ಹೋಗುವಾಗ. ಹೊಸಬರು ಬರುತ್ತಾರೆ, ಹಳಬರ ಕೈಗೆ 80,000 ಕೊಟ್ಟು ಕೋಣೆಗೆ ಸೇರುತ್ತಾರೆ, ಓನರ್‌ಗೆ ಗೊತ್ತೇ ಇರುವುದಿಲ್ಲ. ಎಷ್ಟೋ ಅಗ್ರಿಮೆಂಟ್‌ಗಳಲ್ಲಿ ಸಬ್‌ಲೆಟ್ ಮಾಡಬಾರದು, ಅಂದರೆ ಬೇರೆಯವರಿಗೆ ಒಳಬಾಡಿಗೆಗೆ ಕೊಡಬಾರದು ಎಂಬ ಸಾಲಿರುತ್ತದೆ. ಓನರ್ ಮನಸ್ಸು ಮಾಡಿದರೆ ಈ ಬದಲಾವಣೆಯನ್ನೇ ಹಿಡಿದು ಎಲ್ಲರನ್ನೂ ಖಾಲಿ ಮಾಡಿ ಎನ್ನಬಹುದು. ಸಹಿ ಹಾಕುವ ಮೊದಲೇ ಒಂದು ಷರತ್ತು ಸೇರಿಸಿ: ಒಂದು ತಿಂಗಳು ಮುಂಚಿತವಾಗಿ ಬರೆದು ತಿಳಿಸಿ, ಓನರ್ ಒಪ್ಪಿದರೆ ಒಬ್ಬ ಬಾಡಿಗೆದಾರರ ಜಾಗಕ್ಕೆ ಇನ್ನೊಬ್ಬರು ಬರಬಹುದು, ಅದನ್ನು ಲಾಕ್‌-ಇನ್ (ಇಷ್ಟು ತಿಂಗಳು ಇರಲೇಬೇಕು ಎಂಬ ಷರತ್ತು) ಮುರಿದಂತೆ ಎಣಿಸುವಂತಿಲ್ಲ. ಬದಲಾದ ದಿನ ಓನರ್ ಸೇರಿ ಎಲ್ಲರೂ ಸಹಿ ಹಾಕಿದ ಒಂದು ಪತ್ರ ಇರಲಿ. ಹೋಗುವವರ ಹೊಣೆ ಯಾವ ತಾರೀಖಿಗೆ ಮುಗಿಯಿತು, ಅವರ ಅಡ್ವಾನ್ಸ್ ಪಾಲು ಯಾರ ಹೆಸರಿಗೆ ಹೋಯಿತು, ಈ ಎರಡು ವಿಷಯ ಅದರಲ್ಲಿ ಸ್ಪಷ್ಟವಾಗಿರಬೇಕು. ಹೋಗುವವರಿಗೂ ಇದು ರಕ್ಷಣೆ. ಹೆಸರು ತೆಗೆಸದೆ ಊರು ಬಿಟ್ಟರೆ ಮುಂದಿನ ಬಾಕಿಗೂ ಅವರನ್ನು ಕೇಳಬಹುದು.

ಇನ್ನು ಪೇಂಟಿಂಗ್. ಈ ಊರಿನ ರೂಢಿಯಂತೆ ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆ ಮುರಿದುಕೊಂಡರೆ ಕೊನೆಗೆ ಉಳಿದವರ ಅಡ್ವಾನ್ಸಿನಿಂದಲೇ ಅದು ಹೋಗುತ್ತದೆ. ನಾಲ್ಕು ತಿಂಗಳಿಗೇ ಹೊರಟವರು 80,000 ಪೂರ್ತಿ ಪಡೆದರೆ, ಅವರು ಮೊಳೆ ಹೊಡೆದ ಗೋಡೆಗೂ ಹೊಸಬರೇ ದುಡ್ಡು ಕೊಟ್ಟಂತಾಯಿತು. ಆ ಕೋಣೆಯ ಪೇಂಟಿಂಗ್ ಪಾಲು 16,000. ಹನ್ನೊಂದರಲ್ಲಿ ನಾಲ್ಕು ತಿಂಗಳಿಗೆ ಸುಮಾರು 5,800. ಹೊಸಬರು ಅದನ್ನು ಮುರಿದುಕೊಂಡು 74,200 ಕೊಡುವುದೇ ನ್ಯಾಯ. ಅದೇ ದಿನ ಕೋಣೆಯ ಗೋಡೆ, ವಾರ್ಡ್‌ರೋಬ್ ಕೀಲು, ಗೀಸರ್, ಕಮೋಡ್ ಫ್ಲಶ್ ಎಲ್ಲದರ ವಿಡಿಯೊ ಮಾಡಿ ಗ್ರೂಪಿಗೆ ಹಾಕಿ.

ಕರೆಂಟಿಗೆ ಹೊರಡುವ ದಿನದ ಮೀಟರ್ ರೀಡಿಂಗ್ ಫೋಟೊ ಸಾಕು. ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಮಾತ್ರ ಮರೆತುಹೋಗುವ ವಿಷಯ. ಬೆಸ್ಕಾಂ ಮೀಟರ್‌ಗೆ ಆಧಾರ್ ಜೋಡಿಸಿದ್ದವರೇ ಹೋಗುತ್ತಿದ್ದರೆ, ಅವರು ಸರ್ಕಾರದ ಸೇವಾ ಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಮಾಡಬೇಕು. ಇಲ್ಲದಿದ್ದರೆ ಹೊಸ ಮನೆಯಲ್ಲಿ ಅವರಿಗೆ ಯೋಜನೆ ಸಿಗುವುದಿಲ್ಲ. ಉಳಿದವರಲ್ಲೊಬ್ಬರು ತಮ್ಮ ಆಧಾರ್ ಕೊಟ್ಟು ಮತ್ತೆ ನೋಂದಾಯಿಸಿಕೊಳ್ಳಲಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಬರುತ್ತದೆ, ಮೂರು ಗೀಸರ್ ಇರುವ ಮನೆಯಲ್ಲಿ ಅಷ್ಟು ದಾಟುವುದು ಕಷ್ಟವೇನಲ್ಲ. ಹಾಗೆ ಬಂದ ತಿಂಗಳ ಬಿಲ್ಲನ್ನು ಹೇಗೆ ಹಂಚಬೇಕೆಂಬುದನ್ನೂ ಆ ಒಂದು ಪುಟದಲ್ಲೇ ಬರೆದುಕೊಳ್ಳಿ.